ಹಾವಿಗೆ ಹನ್ನೆರಡು ವರ್ಷದ ದ್ವೇಷವಿಲ್ಲ: ಒಂದು ಸ್ಪಷ್ಟನೆ

ಹಾವನ್ನು ಕೊಂದರೆ ಅದರ ಜೋಡಿ ಕೊಂದವನ ಮುಖ ನೆನಪಿಟ್ಟುಕೊಂಡು ಹನ್ನೆರಡು ವರ್ಷ ಹುಡುಕುತ್ತದೆ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ಸುಳ್ಳು. ಕೊಂದ ಜಾಗಕ್ಕೆ ಇನ್ನೊಂದು ಹಾವು ಬರುವುದುಂಟು, ನಮ್ಮ ಹಿರಿಯರು ಕಂಡದ್ದು ನಿಜವೇ. ಆದರೆ ಕಾರಣ ಬೇರೆ. ಬೆದೆಯ ಕಾಲದಲ್ಲಿ ಹೆಣ್ಣು ಹಾವು ಹರಿದಾಡಿದಲ್ಲೆಲ್ಲ ವಾಸನೆಯ ಜಾಡು ಉಳಿಯುತ್ತದೆ. ಗಂಡು ಅದನ್ನು ಸೀಳುನಾಲಿಗೆಯಿಂದ ಹಿಡಿದು, ಅಂಗುಳಿನಲ್ಲಿರುವ ಜಾಕಬ್ಸನ್ ಅಂಗದಿಂದ ಗುರುತಿಸಿ ಹಿಂಬಾಲಿಸುತ್ತದೆ. ಅದು ಅರಸಿ ಬರುವುದು ಸಂಗಾತಿಯನ್ನು.

ಹಾವಿಗೆ ಕಲಿಯುವ ಶಕ್ತಿಯೇ ಇಲ್ಲವೆಂದಲ್ಲ. ಅಡಗುವ ಬಿಲ ಎಲ್ಲಿದೆ ಎಂಬುದನ್ನು ಅವು ಕಲಿಯುತ್ತವೆ ಎಂದು ಅಮೆರಿಕದಲ್ಲಿ ಕಾರ್ನ್ ಸ್ನೇಕ್‌ಗಳ ಮೇಲೆ ನಡೆದ ಪ್ರಯೋಗಗಳು ತೋರಿಸಿವೆ. ಸೇಡಿನ ಭಯದಿಂದ ಎರಡನೆಯ ಹಾವನ್ನೂ ಹೊಡೆದು ಕೊಲ್ಲುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ದಯವಿಟ್ಟು ದೂರ ನಿಂತು ಉರಗ ರಕ್ಷಕರನ್ನು ಕರೆಯಿರಿ.