‘ಆದರೂ’ ಸೇರಿಸಿ ಹೊಗಳಬಹುದೇ?

ಪರ

ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು ಯಕ್ಷಗಾನದ ಪದ ಹೇಳಲು ಕಲಿತದ್ದು ಮದುವೆಯಾದ ಮೇಲೆ. ಗಂಡ ಹರಿನಾರಾಯಣರೇ ಗುರು. ಆಮೇಲೆ ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಮೇಳಗಳಲ್ಲಿ, ಪದ ಹೇಳಿ ಆಟ ನಡೆಸುವ ಭಾಗವತರಾಗಿ ಊರೂರು ತಿರುಗಿದರು. ಗಂಡಸರದ್ದೇ ಎಂದು ಎಲ್ಲರೂ ಅಂದುಕೊಂಡಿದ್ದ ಜಾಗ ಅದು.

“ಹೆಂಗಸಾದರೂ ಎಂಥ ಪದ!” ಎಂದು ಹೊಗಳಿದರೆ ತಪ್ಪೇನು? ರಾತ್ರಿಯಿಡೀ ಆಟ ನಡೆಸುವುದು ಯಾವ ಭಾಗವತರಿಗೂ ಕಷ್ಟವೇ. ಇವರು ಅದರ ಜೊತೆಗೆ ನೂರಾರು ಕಣ್ಣುಗಳ ಅನುಮಾನವನ್ನೂ ದಾಟಬೇಕಿತ್ತು. ಆ ಹೆಚ್ಚಿನ ಶ್ರಮವನ್ನು ಕಂಡೂ ಕಾಣದ ಹಾಗೆ ಇರುವುದು ನ್ಯಾಯವಲ್ಲ. ಇಂಥ ಹೊಗಳಿಕೆ ಕಿವಿಗೆ ಬಿದ್ದರೆ, ಮಗಳನ್ನು ಚೆಂಡೆ ತರಗತಿಗೆ ಕಳಿಸಲು ಹಿಂಜರಿಯುವ ಅಪ್ಪನಿಗೂ ಧೈರ್ಯ ಬರುತ್ತದೆ.

ವಿರೋಧ

ಕಾಸರಗೋಡಿನ ಕುಂಬಳೆ ಹತ್ತಿರದ ನಮ್ಮ ಮನೆಯಲ್ಲಿ ಮಾತು ಮಲಯಾಳಂ. ನಾನು ಓದಿದ್ದು ಕನ್ನಡ ಮಾಧ್ಯಮ. “ಮಲಯಾಳಿಯಾದರೂ ನಿನ್ನ ಕನ್ನಡ ಲಾಯ್ಕ ಉಂಟು” ಎಂದು ಮಾಷ್ಟ್ರು ಎಲ್ಲರೆದುರು ಹೇಳಿದಾಗ ಹಿಗ್ಗಿದ್ದೆ. ಆಮೇಲೆ ಪಕ್ಕದವನ ಪುಸ್ತಕ ನೋಡಿದೆ. ಅವನ ತಪ್ಪು ಒತ್ತಕ್ಷರಗಳಿಗೆಲ್ಲ ಕೆಂಪು ಗೆರೆ. ಅವೇ ತಪ್ಪು ನನ್ನ ಪುಸ್ತಕದಲ್ಲೂ ಇದ್ದವು, ಗೆರೆ ಮಾತ್ರ ಇರಲಿಲ್ಲ. ಮಾಷ್ಟ್ರು ಒಳ್ಳೆಯವರೇ, ಇವತ್ತಿಗೂ ಅವರ ಮೇಲೆ ಪ್ರೀತಿ ಇದೆ. ಆದರೆ ಅವನು ಸರಿಯಾಗಿ ಬರೆಯಬೇಕು ಎಂದು ಅವರಿಗಿತ್ತು. ನಾನು ಇಷ್ಟು ಬರೆದರೆ ಸಾಕಿತ್ತು.

ಮನೆ ಕಡೆ ಇನ್ನೊಂದು ಕಥೆ. “ನಿನ್ನ ಮಗ ಕನ್ನಡದವರ ಪಾಲಾದ” ಎಂದು ನೆಂಟರು ಅಮ್ಮನನ್ನು ಚುಚ್ಚುತ್ತಿದ್ದರು. ಪಕ್ಕದ ಮನೆಯವರು ಕನ್ನಡ ಓದಿದರೆ ಯಾರಿಗೂ ಬೇಜಾರಿಲ್ಲ. ನಮ್ಮವರೇ ಬೇರೆ ದಾರಿ ಹಿಡಿದರೆ ಕೋಪ ಜಾಸ್ತಿ, ಅಲ್ವಾ? ಮನಶ್ಶಾಸ್ತ್ರಜ್ಞರು 1988ರಲ್ಲಿ ಇದಕ್ಕೆ ‘ಕಪ್ಪು ಕುರಿ ಪರಿಣಾಮ’ ಎಂದು ಹೆಸರಿಟ್ಟರು. ನೆಂಟರ ಕೋಪ, ಮಾಷ್ಟ್ರ ಹೊಗಳಿಕೆ ಎರಡರಲ್ಲೂ ಮೊದಲು ಕಂಡದ್ದು ನನ್ನ ಗುಂಪು. ನಾನು ಆಮೇಲೆ.

ಅಮೆರಿಕದ ಆ್ಯನ್ ಹಾಪ್ಕಿನ್ಸ್ ಕೆಲಸದಲ್ಲಿ ಗಟ್ಟಿಗಿತ್ತಿ. ಆದರೂ ಸಂಸ್ಥೆಯಲ್ಲಿ ಪಾಲುದಾರಿಕೆ ಸಿಗಲಿಲ್ಲ. ಹೆಣ್ಣಿನ ಹಾಗೆ ನಡೆ, ಮೇಕಪ್ ಹಾಕಿಕೋ ಎಂಬ ಸಲಹೆ ಸಿಕ್ಕಿತು. ಹೀಗೆ ಅಚ್ಚಿಗೆ ಹಾಕಿ ಅಳೆಯುವುದೂ ತಾರತಮ್ಯವೇ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1989ರಲ್ಲಿ ಹೇಳಿತು.

ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. 1949ರಲ್ಲಿ ಅವರು ರಾಷ್ಟ್ರಕವಿಯಾದರು. “ಕೊಂಕಣಿಯವರಾದರೂ” ಎಂದು ಶುರುಮಾಡಿ ಅವರ ಪದ್ಯವನ್ನು ಹೊಗಳಿದವರನ್ನು ನಾನು ಕಂಡಿಲ್ಲ. ಪದ್ಯವನ್ನು ಪದ್ಯವಾಗಿಯೇ ಓದುತ್ತೇವೆ. ನನ್ನ ಪ್ರಬಂಧಕ್ಕೂ ನಾನು ಕೇಳಿದ್ದು ಇಷ್ಟೇ. ಆ ಕೆಂಪು ಗೆರೆ ಬೀಳದೆ ಉಳಿದ ಕೆಲವು ಒತ್ತಕ್ಷರಗಳ ಮುಂದೆ ನನ್ನ ಕೈ ಇವತ್ತಿಗೂ ತಡೆಯುತ್ತದೆ.