ಪರ–ವಿರೋಧ: ಕ್ರೈಸ್ತರು ಗಣತಿಯಲ್ಲಿ ಮೂಲ ಜಾತಿ ಬರೆಸಬೇಕೇ?

2025ರ ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾದಾಗ ನಮ್ಮ ಚರ್ಚುಗಳಲ್ಲಿ, ಹಾಸ್ಟೆಲುಗಳಲ್ಲಿ ಇದೇ ಮಾತು. 2027ರ ಜನಗಣತಿಯಲ್ಲೂ ಜಾತಿ ಕೇಳುತ್ತಾರೆ. ಇಬ್ಬರು ವಿದ್ಯಾರ್ಥಿಗಳಿಗೆ ಒಂದೊಂದು ಪಕ್ಷ ಕೊಟ್ಟು ಬರೆಯಲು ಕೇಳಿದೆವು.

ಪರ: ಆಯಿ ಹೇಳಿದ್ದನ್ನೇ ಬರೆಸಿ

ದಸರಾ ರಜೆಗೆ ಊರಿಗೆ ಹೋಗಿದ್ದೆ. ಬೀದರ್ ಜಿಲ್ಲೆಯ ಒಂದು ಹಳ್ಳಿ. ನಮ್ಮ ಮನೆ ಬಾಗಿಲಿಗೆ ಆಗಲೇ ಸಮೀಕ್ಷೆಯ ಸ್ಟಿಕ್ಕರ್ ಅಂಟಿಸಿ ಹೋಗಿದ್ದರು. ಒಂದು ಮಧ್ಯಾಹ್ನ ಶಾಲೆಯ ಟೀಚರ್ ಬಂದರು. ನೆಟ್‌ವರ್ಕ್ ಸಿಗಲಿಲ್ಲ. ಮೊಬೈಲ್ ಹಿಡಿದು ಕಟ್ಟೆಯಿಂದ ಅಂಗಳಕ್ಕೆ, ಅಂಗಳದಿಂದ ರಸ್ತೆಗೆ ಓಡಾಡಿ, ಕೊನೆಗೆ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು.

ಅರವತ್ತು ಪ್ರಶ್ನೆ. ಧರ್ಮ ಕೇಳಿದರು. ಅಪ್ಪ "ಕ್ರಿಶ್ಚಿಯನ್" ಅಂದರು. ಜಾತಿ ಕೇಳಿದರು. ಅಪ್ಪ ಮತ್ತೆ "ಕ್ರಿಶ್ಚಿಯನ್" ಅಂದರು. ಟೀಚರ್ ಬೆರಳು ಅಲ್ಲೇ ನಿಂತಿತು. "ಮೂಲ ಜಾತಿ ಏನಾದರೂ ಬರೆಸ್ತೀರಾ ಸರ್?" ಅಂತ ಮೆತ್ತಗೆ ಕೇಳಿದರು. ಅಪ್ಪ ನೆಲ ನೋಡಿದರು.

ಆಯಿ, ಅಂದರೆ ನನ್ನ ಅಜ್ಜಿ, ಒಳಗೆ ಹೆಸರುಕಾಳು ಹಸನು ಮಾಡುತ್ತಿದ್ದಳು. ಮೊರ ಹಿಡಿದುಕೊಂಡೇ ಹೊರಗೆ ಬಂದಳು. "ಮಾದಿಗರು ಅಂತ ಬರ್ಕೋರಿ ಅಕ್ಕೋರೆ. ಊರಿಗೆಲ್ಲ ಗೊತ್ತದ. ಸರ್ಕಾರಕ್ಕ ಗೊತ್ತಾದ್ರ ಏನಾಗ್ತದ?"

ನಾನು ಈ ಲೇಖನ ಬರೆಯುತ್ತಿರುವುದು ಆ ಒಂದು ಮಾತಿನಿಂದ.

ಅಪ್ಪನ ಮನಸ್ಸು ನನಗೆ ಅರ್ಥವಾಗುತ್ತದೆ. ಆ ಹೆಸರಿನ ಭಾರ ಇಳಿಸಬೇಕು ಅಂತಲೇ ಮುತ್ಯಾ (ಅಜ್ಜ) ದೀಕ್ಷಾಸ್ನಾನ ತಗೊಂಡು ಕ್ರೈಸ್ತನಾಗಿದ್ದು. ನಮ್ಮ ಕಡೆಯ ಮೆಥೋಡಿಸ್ಟ್ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಹೆಚ್ಚಿನವರು ಮಾದಿಗ, ಹೊಲೆಯ ಮನೆತನಗಳಿಂದ ಬಂದವರೇ. ಸಭೆ ಅವರಿಗೆ ಓದು ಕೊಟ್ಟಿತು, ಹಾಡು ಕೊಟ್ಟಿತು, ತಲೆ ಎತ್ತಿ ಕೂರಲು ಒಂದು ಬೆಂಚು ಕೊಟ್ಟಿತು. ಆದರೆ ಮುತ್ಯಾ ಯೇಸುವನ್ನು ನಂಬಿದ ಅಂತ ಊರು ಬದಲಾಗಲಿಲ್ಲ. ಬಾವಿ ಹತ್ತಿರ ಬಿಡಲಿಲ್ಲ. ಕೇರಿ ಅದೇ ಕೇರಿ. ಇವತ್ತಿಗೂ ನಾವು ಆ ಕೇರಿಯಲ್ಲೇ ಇದ್ದೇವೆ. ಕ್ರೈಸ್ತರು ಅಂತ ಬರೆಸಿದರೆ ಕೇರಿ ಮಾಯವಾಗುತ್ತದಾ?

ಕಾನೂನು ಮಾತ್ರ ಮಾಯವಾಗಿದೆ ಅನ್ನುತ್ತದೆ. 1950ರ ಆಗಸ್ಟ್ 10ರಂದು ರಾಷ್ಟ್ರಪತಿಗಳ ಆದೇಶ ಬಂತು. ಅದರ 3ನೇ ಪ್ಯಾರಾ ಪ್ರಕಾರ ಹಿಂದೂ ಅಲ್ಲದವರು ಪರಿಶಿಷ್ಟ ಜಾತಿಯವರಲ್ಲ. 1956ರಲ್ಲಿ ಸಿಖ್ಖರನ್ನು ಸೇರಿಸಿದರು. 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರೂ ಮುಸ್ಲಿಮರೂ ಹೊರಗೇ ಉಳಿದರು. ಆಗಸ್ಟ್ 10ನ್ನು ನಮ್ಮ ಎಷ್ಟೋ ಸಭೆಗಳು ಕಪ್ಪು ದಿನ ಅಂತ ಆಚರಿಸುತ್ತವೆ.

ಇಲ್ಲಿ ಒಂದು ಮೊಕದ್ದಮೆಯ ಕತೆ ಹೇಳಲೇಬೇಕು. ಎಲ್ಲ ಕ್ರೈಸ್ತ ವಿದ್ಯಾರ್ಥಿಗಳಿಗೂ ಇದು ಬಾಯಿಪಾಠ ಆಗಬೇಕು ಅಂತ ನನ್ನ ಆಸೆ. ಸೂಸೈ ಅಂತ ತಮಿಳುನಾಡಿನ ಒಬ್ಬ ಚಮ್ಮಾರ. ಆದಿ ದ್ರಾವಿಡ ಮನೆತನದವರು, ಕ್ರೈಸ್ತರಾದವರು. ರಸ್ತೆ ಬದಿಯಲ್ಲಿ ಕೂತು ಚಪ್ಪಲಿ ಹೊಲಿಯುತ್ತಿದ್ದರು. ಸರ್ಕಾರ ಪರಿಶಿಷ್ಟ ಜಾತಿಯ ಚಮ್ಮಾರರಿಗೆ ಉಚಿತವಾಗಿ ಪೆಟ್ಟಿಗೆ ಅಂಗಡಿ ಕೊಟ್ಟಿತು. ಪಕ್ಕದವರಿಗೆ ಸಿಕ್ಕಿತು, ಇವರಿಗೆ ಸಿಗಲಿಲ್ಲ. ಅದೇ ರಸ್ತೆ, ಅದೇ ಬಿಸಿಲು, ಅದೇ ಸೂಜಿ. ಸುಪ್ರೀಂ ಕೋರ್ಟ್‌ವರೆಗೆ ಹೋದರು. 1985ರಲ್ಲಿ ತೀರ್ಪು ಬಂತು, ಸೋತರು. ಕೋರ್ಟ್ ಏನು ಹೇಳಿತು ಗೊತ್ತಾ? ಜಾತಿಯಿಂದ ಆಗುವ ಕಷ್ಟ ಕ್ರೈಸ್ತರಾದ ಮೇಲೂ ಅಷ್ಟೇ ತೀವ್ರವಾಗಿ ಉಳಿದಿದೆ ಅಂತ ತೋರಿಸುವ ಪುರಾವೆ ಸಾಲದು ಅಂತ.

ಪುರಾವೆ! ಅದು ಎಲ್ಲಿಂದ ಬರಬೇಕು? ಜಾತಿ ಕೇಳಿದಾಗಲೆಲ್ಲ ನಾವು "ಕ್ರಿಶ್ಚಿಯನ್" ಅಂತ ಹೇಳಿ ಬಾಗಿಲು ಹಾಕಿಕೊಂಡರೆ, ನಮ್ಮಲ್ಲಿ ಎಷ್ಟು ಜನ ಕೂಲಿ ಮಾಡುತ್ತಾರೆ, ಎಷ್ಟು ಜನರಿಗೆ ಜಮೀನಿಲ್ಲ, ಎಷ್ಟು ಹುಡುಗಿಯರು ಹತ್ತನೇ ಕ್ಲಾಸಿಗೇ ಓದು ಬಿಟ್ಟರು ಅಂತ ಯಾರಿಗೆ ಗೊತ್ತಾಗಬೇಕು? 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಆ 3ನೇ ಪ್ಯಾರಾ ತೆಗೆಯಿರಿ ಅಂತಲೇ ಶಿಫಾರಸು ಮಾಡಿತು. 2022ರಲ್ಲಿ ಇದೇ ಪ್ರಶ್ನೆ ನೋಡಲು ಬಾಲಕೃಷ್ಣನ್ ಆಯೋಗ ನೇಮಕವಾಯಿತು. ಪ್ರತಿ ಆಯೋಗವೂ ಅಂಕಿ ಕೇಳುತ್ತದೆ. ನಾವು ಪ್ರತಿ ಸಲ ಬರಿಗೈ ತೋರಿಸುತ್ತೇವೆ.

ನಮ್ಮ ರಾಜ್ಯದ್ದೇ ನೋಡಿ. ಹಿಂದುಳಿದ ವರ್ಗಗಳ ಮೀಸಲಾತಿ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿದ್ದಾರೆ. ಉಳಿದ ಕ್ರೈಸ್ತರು 3ಬಿಯಲ್ಲಿ. ಎರಡೂ ಬೇರೆ ಬೇರೆ. ನಾನು ಡಿಗ್ರಿಗೆ ಸೇರುವಾಗ ಪ್ರಮಾಣಪತ್ರಕ್ಕೆ ನಾಲ್ಕು ಸಲ ಅಲೆದೆ. "ಕ್ರಿಶ್ಚಿಯನ್ ಅಂದ್ಮೇಲೆ 3ಬಿ, ಅಷ್ಟೇ" ಅಂತ ಕೌಂಟರಿನಲ್ಲಿ ಕೂತವರು ಅರ್ಜಿ ವಾಪಸ್ ತಳ್ಳಿದರು. ಮನೆತನದ ದಾಖಲೆ ಎಲ್ಲಿ ಅಂತ ಕೇಳಿದರು. ಅಪ್ಪನ ಶಾಲೆ ಸರ್ಟಿಫಿಕೇಟಿನಲ್ಲೂ ಕ್ರಿಶ್ಚಿಯನ್ ಅಂತಷ್ಟೇ ಇತ್ತು. ಮುತ್ಯಾ ಗೌರವಕ್ಕಾಗಿ ಬರೆಸಿದ ಹೆಸರು ಮೊಮ್ಮಗನ ಕಾಲಿಗೆ ತೊಡರಿಕೊಂಡಿತು. ಇನ್ನು ನನ್ನ ಸಂಬಂಧಿಕರಲ್ಲೇ ಕೆಲವರು ಭಾನುವಾರ ಸಭೆಗೆ ಬರುತ್ತಾರೆ, ಕಾಗದದಲ್ಲಿ ಹಿಂದೂ ಅಂತ ಇದ್ದಾರೆ. ಅವರನ್ನು ನಾನು ಬೈಯಲಾರೆ. ಮಕ್ಕಳ ಫೀಸು ಕಟ್ಟಬೇಕಲ್ಲ. ಆದರೆ ಪ್ರಭುಭೋಜನದ ಸಾಲಿನಲ್ಲಿ ಅವರ ಪಕ್ಕ ನಿಂತಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ನಂಬಿಕೆಯನ್ನು ಬಚ್ಚಿಟ್ಟರೆ ಮಾತ್ರ ಹಕ್ಕು ಸಿಗುವುದು ಅಂದರೆ ಅದೆಂಥ ನ್ಯಾಯ?

"ಬೈಬಲ್ ಏನು ಹೇಳುತ್ತದೆ?" ಅಂತ ಫೆಲೋಶಿಪ್ಪಿನಲ್ಲಿ ಗೆಳೆಯರು ಕೇಳುತ್ತಾರೆ. ತಕ್ಷಣ, ಕ್ರಿಸ್ತನಲ್ಲಿ ಎಲ್ಲರೂ ಒಂದೇ ಅನ್ನುವ ಗಲಾತ್ಯ 3:28 ತೆಗೆಯುತ್ತಾರೆ. ನಾನು ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ತೆಗೆಯುತ್ತೇನೆ. ಯೆರೂಸಲೇಮಿನ ಮೊದಲ ಸಭೆ. ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರಿಗೆ ಸಿಗುತ್ತಿರಲಿಲ್ಲ. ಅವರ ಕಡೆಯವರು ಗುಣುಗುಟ್ಟಿದರು. ಅಪೊಸ್ತಲರು "ನಾವೆಲ್ಲ ಕ್ರಿಸ್ತನಲ್ಲಿ ಒಂದೇ, ಸುಮ್ನೆ ಕೂತ್ಕೊಳ್ಳಿ" ಅಂದರಾ? ಇಲ್ಲ. ಯಾರಿಗೆ ತಪ್ಪಿಹೋಗುತ್ತಿದೆ ಅಂತ ಕೇಳಿಸಿಕೊಂಡರು. ಏಳು ಜನರನ್ನು ಆರಿಸಿದರು. ಆ ಏಳೂ ಹೆಸರು ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೆನ, ನಿಕೊಲಾಯ. ಎಲ್ಲವೂ ಗ್ರೀಕ್ ಹೆಸರುಗಳೇ. ಒಂದಾಗಬೇಕಾದರೆ ಮೊದಲು ಯಾರ ತಟ್ಟೆ ಖಾಲಿ ಅಂತ ಹೇಳಬೇಕು. ಸಭೆ ಹುಟ್ಟಿದಾಗಿನಿಂದ ಇದೇ ಕ್ರಮ.

ಬಿಷಪರೇ ಇದನ್ನು ಒಪ್ಪಿಕೊಂಡಿದ್ದಾರೆ. 2016ರಲ್ಲಿ ಭಾರತದ ಕಥೋಲಿಕ ಬಿಷಪರ ಸಮ್ಮೇಳನ ದಲಿತರ ಬಗ್ಗೆ ಒಂದು ನೀತಿ ಹೊರಡಿಸಿತು. ದೇಶದ 1.9 ಕೋಟಿ ಕಥೋಲಿಕರಲ್ಲಿ ಸುಮಾರು 1.2 ಕೋಟಿ ದಲಿತರು ಅಂತ ಅದರಲ್ಲೇ ಇದೆ. ಚರ್ಚಿನೊಳಗೆ ಭೇದ ಇದೆ ಅಂತಲೂ ಇದೆ.

ಜಾತಿ ಬರೆಸಬೇಡಿ ಅನ್ನುವವರಿಗೆ ಒಂದೇ ಮಾತು ಕೇಳುತ್ತೇನೆ. ನಿಮ್ಮ ಅಕ್ಕನಿಗೆ ಗಂಡು ಹುಡುಕುವಾಗ ನಮ್ಮ ಕೇರಿಗೆ ಬಂದಿದ್ದೀರಾ? ಫಾರಂನಲ್ಲಿ ಬೇಡವಾದ ಜಾತಿ ಮದುವೆ ಮಾತಿನಲ್ಲಿ ಯಾಕೆ ಬೇಕು?

ಆವತ್ತು ಎಲ್ಲ ಮುಗಿದ ಮೇಲೆ ಟೀಚರ್ ಬರೆದದ್ದನ್ನು ಓದಿ ಹೇಳಿದರು. ಧರ್ಮ: ಕ್ರೈಸ್ತ. ಜಾತಿ: ಮಾದಿಗ. ಆಯಿ ಮೊರ ಕೆಳಗಿಟ್ಟು, "ಇನ್ನೊಮ್ಮೆ ಓದ್ರಿ" ಅಂದಳು.

ವಿರೋಧ: ಕ್ರೈಸ್ತರು ಅಂದರೆ ಸಾಕು

ಈ ಪಕ್ಷ ನನಗೆ ಕೊಟ್ಟಿದ್ದು. ಪೂರ್ತಿ ನನ್ನದು ಅಂತ ಹೇಳಲಾರೆ. ಆದರೆ ಅರ್ಧಕ್ಕಿಂತ ಜಾಸ್ತಿ ನಂಬುತ್ತೇನೆ, ಅದಕ್ಕೇ ಬರೆಯಲು ಒಪ್ಪಿಕೊಂಡೆ.

ನಾನು ಮಂಗಳೂರಿನವಳು. ನಮ್ಮ ಪೂರ್ವಜರು 16ನೇ ಶತಮಾನದಲ್ಲಿ ಗೋವಾದಲ್ಲಿ ಕ್ರೈಸ್ತರಾದವರು. ಆಮೇಲೆ ಕರಾವಳಿಗೆ ಬಂದರು. ಬರುವಾಗ ಕೊಂಕಣಿ ತಂದರು, ಜಪಸರ ತಂದರು, ಜೊತೆಗೆ ಬಾಮಣ್, ಚಾರೊಡಿ, ಶುದಿರ್ ಅನ್ನುವ ಜಾತಿ ಹೆಸರುಗಳನ್ನೂ ತಂದರು. ನಾನೂರು ವರ್ಷ ಆದರೂ ಅವು ಸತ್ತಿಲ್ಲ. ನನಗೆ ನನ್ನ ಜಾತಿ ಗೊತ್ತಾಗಿದ್ದು ಹದಿನೇಳನೇ ವಯಸ್ಸಿನಲ್ಲಿ, ಅಕ್ಕನಿಗೆ ಸಂಬಂಧ ತಂದ ಹೆಂಗಸೊಬ್ಬರು ಫೋನಿನಲ್ಲಿ ಕೇಳಿದಾಗ. ಆವತ್ತೇ ಅನ್ನಿಸಿತು, ಇದು ನನ್ನ ಕಾಲಕ್ಕಾದರೂ ಮುಗಿಯಬೇಕು ಅಂತ. ಯಾರೂ ಉಚ್ಚರಿಸದಿದ್ದರೆ ಒಂದು ದಿನ ಮರೆತುಹೋಗುತ್ತದೆ. ಸರ್ಕಾರಿ ಕಾಗದದಲ್ಲಿ ಬರೆಸಿದರೆ ಮತ್ತೆ ನೂರು ವರ್ಷ ಆಯಸ್ಸು ಕೊಟ್ಟ ಹಾಗೆ.

ಗಲಾತ್ಯ 3:28ರಲ್ಲಿ ಪೌಲನ ಮಾತು ಸ್ಪಷ್ಟ. ಯೆಹೂದ್ಯ ಗ್ರೀಕ ಅನ್ನುವ ಭೇದ ಇಲ್ಲ, ದಾಸ ಸ್ವತಂತ್ರ ಅನ್ನುವ ಭೇದ ಇಲ್ಲ. ಇದಕ್ಕೆ "ಆದರೆ" ಸೇರಿಸಲು ನನಗೆ ಮನಸ್ಸಿಲ್ಲ. ಇನ್ನೊಂದು ಮಾತೂ ಇದೆ. ದಾವೀದ ಜನರನ್ನು ಲೆಕ್ಕ ಹಾಕಿಸಿದ, ದೇಶಕ್ಕೆ ವ್ಯಾಧಿ ಬಂತು, ಎಪ್ಪತ್ತು ಸಾವಿರ ಜನ ಸತ್ತರು ಅಂತ ಎರಡನೇ ಸಮುವೇಲನ 24ನೇ ಅಧ್ಯಾಯದಲ್ಲಿ ಇದೆ. ಎಣಿಸುವುದು ಯಾವಾಗಲೂ ಒಳ್ಳೆಯ ಮನಸ್ಸಿನಿಂದಲೇ ಆಗುತ್ತದೆ ಅಂತ ಬೈಬಲ್ ನಂಬುವುದಿಲ್ಲ.

ಸಮೀಕ್ಷೆಯಲ್ಲಿ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಜಾತಿಯ ಹೆಸರಿಗೆ ಕ್ರಿಶ್ಚಿಯನ್ ಅಂತ ಸೇರಿಸಿದ್ದ ಹೆಸರುಗಳು ಪಟ್ಟಿಯಲ್ಲಿ ಬಂದವು. ದೊಡ್ಡ ಗಲಾಟೆ ಆಯಿತು. ಮತಾಂತರದ ಮಾತು ಎದ್ದಿತು. ಆಯೋಗ ಅಂಥ 33 ಹೆಸರುಗಳನ್ನು ಆ್ಯಪ್‌ನಲ್ಲಿ ಕಾಣದ ಹಾಗೆ ಮಾಡಿತು. ಹೈಕೋರ್ಟ್ ಸಮೀಕ್ಷೆ ತಡೆಯಲಿಲ್ಲ, ಆದರೆ ಮಾಹಿತಿ ಕೊಡುವುದು ಜನರ ಇಷ್ಟ ಅಂತ ಹೇಳಿತು. ಆ ಎರಡು ವಾರ ಟಿವಿಯಲ್ಲಿ ಬೈಸಿಕೊಂಡವರು ನಾವು. 2011ರ ಗಣತಿಯಲ್ಲಿ ರಾಜ್ಯದಲ್ಲಿ ಕ್ರೈಸ್ತರು ನೂರಕ್ಕೆ 1.87. ಸುಮಾರು ಹನ್ನೊಂದೂವರೆ ಲಕ್ಷ ಜನ. ಅದನ್ನೂ ಮೂವತ್ತು ನಲವತ್ತು ಚೂರು ಮಾಡಿದರೆ ಯಾವ ಚೂರಿನ ಮಾತು ಯಾರು ಕೇಳುತ್ತಾರೆ?

ಮೀಸಲಾತಿಗೆ ಅಂಕಿ ಬೇಕು ಅನ್ನುತ್ತಾರೆ. ಅದು ಬೇರೆ ಪ್ರಶ್ನೆ. ಆಯೋಗಗಳಿವೆ, ಕೋರ್ಟುಗಳಿವೆ, ಅವು ನೋಡಿಕೊಳ್ಳಲಿ. ಸೀಟಿಗಾಗಿ, ಸ್ಕಾಲರ್‌ಶಿಪ್ಪಿಗಾಗಿ ದೀಕ್ಷಾಸ್ನಾನದ ಹಿಂದಿನ ಹೆಸರಿಗೆ ವಾಪಸ್ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಇಷ್ಟು ವಾದ ಸಾಕು. ನನ್ನ ಮನಸ್ಸಿನಲ್ಲಿ ಇರುವುದು ಬೇರೆಯೇ.

ನಮ್ಮ ಹಾಸ್ಟೆಲಿನಲ್ಲಿ ಐದು ಹುಡುಗಿಯರು ರಾತ್ರಿ ಒಂಬತ್ತಕ್ಕೆ ನನ್ನ ರೂಮಿನಲ್ಲಿ ಜಪಸರ ಹೇಳುತ್ತೇವೆ. ಐದು ರಹಸ್ಯ, ಅಂದರೆ ಹತ್ತು ಹತ್ತು ನಮೋ ಮರಿಯಾ ಹೇಳುವ ಐದು ಭಾಗ, ಒಬ್ಬೊಬ್ಬರಿಗೆ ಒಂದು. ಶಿವಮೊಗ್ಗದವಳು, ಮೈಸೂರಿನವಳು, ಇಬ್ಬರು ಮಂಗಳೂರಿನವರು, ಕೋಲಾರದ ಕಡೆಯವಳೊಬ್ಬಳು. ಒಬ್ಬಳಿಗೆ ಪ್ರಾರ್ಥನೆ ತಮಿಳಿನಲ್ಲಿ ಬರುತ್ತದೆ, ನಮಗಿಬ್ಬರಿಗೆ ಕೊಂಕಣಿಯಲ್ಲಿ. ಆದರೂ ಕನ್ನಡದಲ್ಲೇ ಹೇಳುತ್ತೇವೆ. ಒಂದೂವರೆ ವರ್ಷ ಯಾರೂ ಯಾರನ್ನೂ ಏನೂ ಕೇಳಿರಲಿಲ್ಲ.

ಸಮೀಕ್ಷೆ ಶುರುವಾದ ವಾರ, ರಜೆಗೆ ಹೊರಡುವ ಹಿಂದಿನ ರಾತ್ರಿ, ಪ್ರಾರ್ಥನೆ ಮುಗಿದ ಮೇಲೆ ಒಬ್ಬಳು ಕೇಳಿದಳು: "ನಿಮ್ಮ ಮನೆಯಲ್ಲಿ ಏನಂತ ಬರೆಸ್ತಾರೆ?" ಕೆಟ್ಟ ಮನಸ್ಸಿನಿಂದ ಅಲ್ಲ. ನಾನೂ ಹೇಳಿದೆ. ಮಂಗಳೂರಿನ ಇನ್ನೊಬ್ಬಳೂ ಹೇಳಿದಳು. ಮೈಸೂರಿನವಳು ಅಮ್ಮನಿಗೆ ಫೋನ್ ಮಾಡಿ ಕೇಳಿ ಹೇಳಿದಳು. ಸರದಿ ಕೋಲಾರದವಳ ಹತ್ತಿರ ಬಂತು. "ನಂಗೆ ಗೊತ್ತಿಲ್ಲ ಕಣೇ" ಅಂದಳು. ಗೊತ್ತು ಅಂತ ಅವಳ ಮುಖದಲ್ಲೇ ಇತ್ತು. ಹಾಸಿಗೆ ಅಂಚಿನಲ್ಲಿ ಕೂತವಳು ಜಪಸರವನ್ನು ಅಂಗೈಯಲ್ಲಿ ಸುತ್ತಿ ಸುತ್ತಿ ಮುಷ್ಟಿ ಮುಚ್ಚಿದಳು. ನಾಳೆ ಬೇಗ ಬಸ್ಸು ಅಂತ ಎದ್ದು ಹೋದಳು.

ಅವಳ ಜಾತಿ ಬರೆದರೆ ಅವಳಿಗೆ ಅನುಕೂಲವಾಗಬಹುದು. ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ನಾವು ನಾಲ್ವರು ಅವಳನ್ನು ಕೇಳಿದ ಆ ಕ್ಷಣದಲ್ಲಿ ಅವಳಿಗೆ ಏನಾಯಿತೋ ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಹೆಸರು ಹೇಳುವುದು ನಮಗೆ ಸುಲಭವಾಗಿತ್ತು. ಅವಳಿಗೆ ಆಗಿರಲಿಲ್ಲ.

ರಜೆ ಮುಗಿಸಿ ಬಂದ ಮೇಲೆ ಅವಳು ಒಂಬತ್ತಕ್ಕೆ ಬರುವುದಿಲ್ಲ. ಅಸೈನ್‌ಮೆಂಟ್ ಇದೆ ಅನ್ನುತ್ತಾಳೆ. ಮೆಸ್ಸಿನಲ್ಲಿ ಸಿಕ್ಕರೆ ನಗುತ್ತಾಳೆ, ಮಾತಾಡುತ್ತಾಳೆ. ಎರಡು ಸಲ ಅವಳ ರೂಮಿಗೆ ಹೋಗಿ ಕರೆದೆ. ಕ್ಷಮಿಸು ಅಂತಲೂ ಹೇಳಿದೆ. "ಅಯ್ಯೋ, ಅದಕ್ಕಲ್ಲ ಕಣೇ" ಅಂದಳು. ಐದನೆಯ ರಹಸ್ಯ ಅವಳದಾಗಿತ್ತು. ಈಗ ಆ ಹತ್ತು ನಮೋ ಮರಿಯಾ ನಾನೇ ಹೇಳುತ್ತೇನೆ.