ಐದಡಿ ಎರಡಿಂಚಿನ ವಿಂಗ್ ಆಟಗಾರ

ಆಸ್ಟ್ರೇಲಿಯಾದ ಡಗ್ ನಿಕೋಲ್ಸ್ ಬಗ್ಗೆ ಬರೆಯುವವರು ಪಾದ್ರಿ, ಹೋರಾಟಗಾರ, ಗವರ್ನರ್ ಅಂತ ಶುರು ಮಾಡಿ, ಅವರ ಫುಟ್‌ಬಾಲನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಇದು ತಪ್ಪು. ಮೆಲ್ಬರ್ನ್ ಜನ ಅವರನ್ನು ಮೊದಲು ಗುರುತಿಸಿದ್ದೇ ಕಾಲಿನ ವೇಗದಿಂದ.

ಹುಟ್ಟಿದ್ದು 1906ರಲ್ಲಿ, ಮರ್ರೆ ನದಿ ದಂಡೆಯ ಕಮ್ಮರಗುಂಜದಲ್ಲಿ. ಯೋರ್ಟಾ ಯೋರ್ಟಾ ಎಂಬ ಮೂಲನಿವಾಸಿ ಸಮುದಾಯದವರು. ಹುಡುಗನಾಗಿದ್ದಾಗ ಕುರಿ ಫಾರ್ಮುಗಳಲ್ಲಿ ಟಾರ್ ಹಚ್ಚುವ ಕೆಲಸ: ಉಣ್ಣೆ ಕತ್ತರಿಸುವಾಗ ಕುರಿಯ ಚರ್ಮಕ್ಕೆ ಗಾಯವಾದರೆ, ನೊಣ ಕೂರದ ಹಾಗೆ ಓಡಿ ಬಂದು ಟಾರ್ ಬಳಿಯಬೇಕು. ಫುಟ್‌ಬಾಲ್ ಆಡಿದ್ದು ನದಿಯಾಚೆಯ ಟೊಂಗಾಲ ಊರಿನ ತಂಡಕ್ಕೆ.

ಎತ್ತರ ಬರೀ 157 ಸೆಂಟಿಮೀಟರ್. ಆಸ್ಟ್ರೇಲಿಯನ್ ಫುಟ್‌ಬಾಲ್ ನಾವು ನೋಡುವ ಫುಟ್‌ಬಾಲ್ ಅಲ್ಲ, ಇದರಲ್ಲಿ ಚೆಂಡನ್ನು ಕೈಯಲ್ಲೂ ಹಿಡಿಯಬಹುದು. ಇಲ್ಲಿ ಒದ್ದ ಚೆಂಡನ್ನು ಗಾಳಿಯಲ್ಲೇ ಹಿಡಿಯುವ ‘ಮಾರ್ಕ್’ ಎತ್ತರದವರ ಸೊತ್ತು. ಆದರೆ ಅವರ ಕೈತಪ್ಪಿದ ಚೆಂಡು ನೆಲಕ್ಕೆ ಬಿದ್ದೇ ಬೀಳುತ್ತದೆ, ಅಲ್ಲಿ ಕುಳ್ಳನಿಗೇ ಅನುಕೂಲ. ಮೈದಾನದ ನಡುಗೆರೆಯ ಎರಡು ಅಂಚುಗಳಲ್ಲಿ ನಿಲ್ಲುವವರು ವಿಂಗ್ ಆಟಗಾರರು. ಚೆಂಡನ್ನು ಹೆಕ್ಕಿಕೊಂಡು ಓಡುವುದೇ ಅವರ ಕೆಲಸ. ಹಾಗಂತ ಸುಮ್ಮನೆ ಹಿಡಿದುಕೊಂಡು ಓಡುವ ಹಾಗಿಲ್ಲ. ಈಗಿನ ನಿಯಮದಂತೆ 15 ಮೀಟರ್‌ಗೊಮ್ಮೆ ಪುಟಿಸಬೇಕು, ಇಲ್ಲವೇ ನೆಲಕ್ಕೆ ಮುಟ್ಟಿಸಬೇಕು. ಚೆಂಡು ಮೊಟ್ಟೆಯಾಕಾರದ್ದು. ಅದರ ಚೂಪು ತುದಿ ಓರೆಯಾಗಿ ನೆಲಕ್ಕೆ ತಾಗಿದರೆ ವಾಪಸ್ ಕೈಗೆ ಬರುತ್ತದೆ, ಹೊಟ್ಟೆ ಭಾಗ ತಾಗಿದರೆ ಜಾರಿ ಎತ್ತಲೋ ಹೋಗುತ್ತದೆ. ಇದನ್ನು ಪೂರ್ತಿ ವೇಗದಲ್ಲಿ, ಚಳಿಗಾಲದ ಕೆಸರಿನಲ್ಲಿ, ನೀರು ಕುಡಿದು ಭಾರವಾದ ಚರ್ಮದ ಚೆಂಡಿನಿಂದ ಮಾಡಬೇಕು.

ಆ ವೇಗಕ್ಕೆ ಬೇರೆ ಸಾಕ್ಷಿಯೂ ಇದೆ. 1929ರಲ್ಲಿ ನ್ಯಾ ಮತ್ತು ವಾರಕ್‌ನಬೀಲ್ ಎಂಬ ಹಳ್ಳಿಗಾಡಿನ ಊರುಗಳ ‘ಗಿಫ್ಟ್’ ಓಟಗಳನ್ನು ಅವರು ಗೆದ್ದರು. ಇವು ಬಹುಮಾನದ ಹಣಕ್ಕಾಗಿ ನಡೆಯುವ ಓಟಗಳು. ನಿಧಾನದವರಿಗೆ ಕೆಲವು ಗಜ ಮುಂದಿನಿಂದ ಶುರು ಮಾಡಲು ಬಿಡುತ್ತಾರೆ, ವೇಗದವನು ಹಿಂದಿನಿಂದ ಬಂದು ಎಲ್ಲರನ್ನೂ ದಾಟಬೇಕು.

ಅದಕ್ಕೆ ಎರಡು ವರ್ಷ ಮೊದಲು, 1927ರಲ್ಲಿ, ಅವರು ಕಾರ್ಲ್‌ಟನ್ ಕ್ಲಬ್ಬಿಗೆ ಪ್ರಯತ್ನಿಸಿದ್ದರು. ಬಣ್ಣದ ಕಾರಣಕ್ಕೆ ಅಲ್ಲಿ ಅವರ ಕಾಲುಗಳಿಗೆ ಎಣ್ಣೆ ತಿಕ್ಕಲು ಒಪ್ಪಲಿಲ್ಲ. ಇದನ್ನು ಬರೀ ಅವಮಾನ ಅಂತ ಓದಿದರೆ ಅರ್ಧ ಮಾತ್ರ ಅರ್ಥವಾದಂತೆ. ಆಟಕ್ಕೆ ಮುಂಚೆ ತೊಡೆ, ಮೀನಖಂಡ ತಿಕ್ಕಿ ಬೆಚ್ಚಗೆ ಮಾಡುವುದು ಆಗಿನ ರೂಢಿ. ಸೆಟೆದ ಸ್ನಾಯುವಿನಲ್ಲಿ ಒಮ್ಮೆಲೇ ಓಟ ಕಿತ್ತರೆ ತೊಡೆಯ ಹಿಂಭಾಗ ಹರಿಯುವ ಅಪಾಯವಿದೆ. ಕಾಲನ್ನೇ ನಂಬಿ ಬಂದ ಹುಡುಗನಿಗೆ ಕಾಲಿನ ಆರೈಕೆಯನ್ನೇ ನಿರಾಕರಿಸಿದರು. ನೂರು ವರ್ಷವಾಗುತ್ತ ಬಂದರೂ ಇದನ್ನು ಓದಿದಾಗ ಸಿಟ್ಟು ಬರುತ್ತದೆ.

ನಾರ್ತ್‌ಕೋಟ್ ಕ್ಲಬ್ ಅವರನ್ನು ಸೇರಿಸಿಕೊಂಡಿತು, 1929ರ ಪ್ರೀಮಿಯರ್‌ಶಿಪ್, ಅಂದರೆ ಆ ವರ್ಷದ ಲೀಗ್ ಪ್ರಶಸ್ತಿ, ಗೆದ್ದಿತು. 1932ರಿಂದ 1937ರವರೆಗೆ ಫಿಟ್ಜ್‌ರಾಯ್ ಕ್ಲಬ್ ಪರ 54 ಪಂದ್ಯ. ಅಲ್ಲಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಒಂಟಿಯಾಗಿ ಕೂತಿದ್ದ ಅವರ ಸ್ನೇಹ ಮಾಡಿದವರು ಹೇಡನ್ ಬಂಟನ್, ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕವನ್ನು ಮೂರು ಸಲ ಗೆದ್ದ ಆಟಗಾರ. 1935ರಲ್ಲಿ ವಿಕ್ಟೋರಿಯಾ ರಾಜ್ಯದ ಪರ ಆಡಿದರು. ಕೊನೆಗೆ ಮೊಣಕಾಲು ಕೈಕೊಟ್ಟಿತು.

1972ರ ‘ಸರ್’ ಪದವಿ, 1976ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಗವರ್ನರ್ ಹುದ್ದೆ ಎಲ್ಲರಿಗೂ ಗೊತ್ತಿರುವುದೇ. 2016ರಿಂದ ಎಎಫ್‌ಎಲ್‌ನ (ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್) ಮೂಲನಿವಾಸಿ ಸುತ್ತಿಗೆ, ಅಂದರೆ ಮೂಲನಿವಾಸಿಗಳ ಗೌರವಾರ್ಥ ನಡೆಯುವ ಪಂದ್ಯಗಳ ಸುತ್ತಿಗೆ, ಅವರ ಹೆಸರಿದೆ. ಆ ಪಂದ್ಯಗಳನ್ನು ನೋಡುವವರು ಸ್ವಲ್ಪ ಹೊತ್ತು ಗೋಲು ಕಂಬಗಳನ್ನು ಬಿಟ್ಟು ವಿಂಗ್ ಕಡೆ ಕಣ್ಣಿಡಿ. ಚೆಂಡು ನೆಲಕ್ಕೆ ಬಿದ್ದ ಕ್ಷಣ ಅಲ್ಲಿ ಯಾರು ಮೊದಲು ಬಗ್ಗುತ್ತಾರೆ ನೋಡಿ.